ಪಾರ್ವತಿಗೆ ಹೇಳಬೇಡಿ

ಜನವರಿ 31, 2021, ಭಾನುವಾರ. ಅಡಿಲೇಡ್

ನಾಳೆಯ ಶರ್ಟಿಗೆ ಇಸ್ತ್ರಿ ಹಾಕುತ್ತಿದ್ದಾಗ ಸುದ್ದಿ. ಸಂಜೆ ಆರರಿಂದ ಪರ್ತ್ ಲಾಕ್‌ಡೌನ್, ಐದು ದಿನ. ನನ್ನ ಫ್ಲೈಟ್ ಕ್ಯಾನ್ಸಲ್. ಮೋಟೆಲ್ ರೂಮನ್ನೇ ಮುಂದುವರಿಸಿದೆ.

ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿರುವ ನಮ್ಮ ಮನೆಯಿಂದ ಪಾರ್ವತಿಯ ಫೋನ್. "ರೀ, ಅಂಗಡೀಲಿ ಹಾಲೂ ಇಲ್ಲ. ಅಪ್ಪಾಜಿ ಬೇರೆ ಊಟ ಬೇಡ ಅಂತಾರೆ. ಗ್ಯಾಸ್ ಅಂತೆ."

ಮಾವ ಬಸವಂತಪ್ಪನವರು ಮಗಳ ಮನೆಗೆ ಬಂದದ್ದು ಮೂರು ತಿಂಗಳಿಗೆಂದು. ಗಡಿ ಮುಚ್ಚಿ ವರ್ಷವಾಗುತ್ತ ಬಂತು. ದಾವಣಗೆರೆಯ ಡ್ರಿಲ್ ಮಾಸ್ತರು. ಅವರಿಗೆ ಗ್ಯಾಸ್...

ಇರಲಾರದು. ಹೇಳಲಿಲ್ಲ.

ಫೆಬ್ರವರಿ 1

ವಾಂತಿ. ಕ್ಲಿನಿಕ್‌ಗೆ ಬರಬೇಡಿ ಎಂದರಂತೆ. ಡಾಕ್ಟರು ಫೋನಿನಲ್ಲೇ — ಅತ್ತ ಇಂಗ್ಲಿಷ್, ಇತ್ತ ಕನ್ನಡ, ನಡುವೆ ಪಾರ್ವತಿ. ಹರ್ನಿಯಾ ಇದೆಯಾ ಎಂದೂ ಕೇಳಿದರಂತೆ. ಮಗಳಿಗೆ ಮಾವನ ಉತ್ತರ: "ಅಂಥದ್ದೇನಿಲ್ಲಮ್ಮ."

ಮೊದಲು ಕೋವಿಡ್ ಟೆಸ್ಟ್. ರಿಸಲ್ಟ್ ಬರುವವರೆಗೆ ಮನೆಯಲ್ಲೇ.

ಜುಲೈನಲ್ಲಿ ಬಚ್ಚಲಿನ ಬಾಗಿಲು ತಳ್ಳಿದವನು ನಾನು. ಟೈಲ್ಸ್ ಮೇಲೆ ಅಂಗಾತ ಮಲಗಿ, ತೊಡೆಸಂದಿಯ ಉಬ್ಬನ್ನು ಬೆರಳಿನಿಂದ ಒಳಗೆ ಒತ್ತಿಕೊಳ್ಳುತ್ತಿದ್ದರು. "ಒತ್ತಿದ್ರೆ ಹೋಗುತ್ತೆ, ಅಳಿಯಂದ್ರೇ. ಪಾರ್ವತಿಗೆ ಹೇಳ್ಬೇಡಿ. ಹೆಣ್ಣುಮಗಳು."

ಆಯಿತು ಎಂದಿದ್ದೆ. ಕಷ್ಟವೇನಿರಲಿಲ್ಲ. ಆಡದಿರುವುದು ನನಗೆ ಅಭ್ಯಾಸ.

ಫೆಬ್ರವರಿ 2, ಬೆಳಿಗ್ಗೆ

ಅವರಿಗೇ ಫೋನ್ ಮಾಡಿದೆ.

"ಮಾವ, ಒಳಗೆ ಹೋಗ್ತಿದೆಯಾ?"

"ಹೋಗುತ್ತೆ. ಸ್ವಲ್ಪ ಟೈಮ್ ಬೇಕು."

"ನಿನ್ನೆ ಹೋಯ್ತಾ?"

ಥಟ್ಟನೆ ದೊಡ್ಡ ದನಿಯಲ್ಲಿ: "ಅಲ್ಲಿ ಬಿಸಿಲು ಹೇಗಿದೆ?" ಪಾರ್ವತಿ ಒಳಗೆ ಬಂದಿರಬೇಕು.

"ಜೋರಾಗಿದೆ," ಎಂದೆ.

ಅದೇ ದಿನ, ಸಂಜೆ

ಕೆಲಸಕ್ಕೆಂದು ಬಂದ ಲ್ಯಾಬಿನಲ್ಲಿ ದಿನವಿಡೀ ಗಣಿಯ ಕಲ್ಲಿನ ಮಾದರಿ ನೋಡಿದೆ. ಒಂದರಲ್ಲಿ ಬಿರುಕಿಗೆ ನುಗ್ಗಿ ಸಿಕ್ಕಿಕೊಂಡ ಬಿಳಿ ಪದರ. ಮುಂದಿನದಕ್ಕೆ ಹೋಗಲಾಗಲಿಲ್ಲ.

ಬ್ರಿಸ್ಬೇನ್‌ನ ಗೆಳೆಯ ಪ್ರವೀಣನಿಗೆ ಫೋನ್. ಅಲ್ಲಿನ ಎಯ್ಟ್ ಮೈಲ್ ಪ್ಲೇನ್ಸ್ ಬಡಾವಣೆಯಲ್ಲಿ ಡಾಕ್ಟರು. ಸ್ನೇಹಿತರೊಬ್ಬರಿಗೆ ಹೀಗಂತೆ ಎಂದು ಶುರುಮಾಡಿದೆ.

"ಒಳಗೆ ಹೋಗ್ತಿಲ್ಲ, ವಾಂತಿ ಬೇರೆ... ಯಾವ ಸ್ನೇಹಿತನೋ? ಕರುಳು ಸಿಕ್ಕಾಕ್ಕೊಂಡಿದೆ. ಕೊಳೆಯೋಕೆ ಎಷ್ಟು ಹೊತ್ತು ಬೇಕು? ಟೆಸ್ಟ್ ಗಿಸ್ಟ್ ಕಾಯ್ಬೇಡ. ಫೋನ್ ಇಡು, ಆಂಬುಲೆನ್ಸ್ ಕರೆಸು!"

ಪಾರ್ವತಿಗೆ ಹೇಳಿದೆ.

"ನಿಮಗೆ ಯಾವಾಗಿಂದ ಗೊತ್ತು?"

"ಜುಲೈ."

ಫೋನ್ ಕಟ್.

ಫೆಬ್ರವರಿ 3

ರಾತ್ರಿಯೇ ಆಂಬುಲೆನ್ಸ್‌ನಲ್ಲಿ ಆಸ್ಪತ್ರೆಗೆ ಒಯ್ದರಂತೆ. ಕೋವಿಡ್ ರಿಸಲ್ಟ್ ಇನ್ನೂ ಬಾರದ್ದರಿಂದ ಪಾರ್ವತಿಯನ್ನು ಒಳಗೆ ಬಿಡಲಿಲ್ಲ. ಮಾವ ಒಬ್ಬರೇ. ಕನ್ನಡದ ದುಭಾಷಿ ಸಿಗಲಿಲ್ಲ. ಮಗಳು ಬೇಡ, ಅಳಿಯ ಎಂದು ಫೋನಿನಲ್ಲಿ ನನ್ನ ಹೆಸರು ತೋರಿಸಿ ಸನ್ನೆಯಲ್ಲೇ ತಿಳಿಸಿದರಂತೆ. ನರ್ಸ್ ನನಗೆ ಫೋನ್ ಹಚ್ಚಿದಳು. ಕರುಳಿನ ತುಂಡು ತೆಗೆಯಬೇಕಾಗಬಹುದು, ಜೀವಕ್ಕೂ ಅಪಾಯವಿದೆ ಎಂದರು ಸರ್ಜನ್. ಅಷ್ಟನ್ನೂ ಕನ್ನಡದಲ್ಲಿ ಹೇಳಿದೆ.

"ಪಾರ್ವತಿಗೆ ಹೇಳಿದ್ರಾ?"

"ಏನಂದರು?" ಎಂದು ಸರ್ಜನ್ ಕೇಳಿದರು.

"ಇಲ್ಲ ಮಾವ. ಹೇಳಿಲ್ಲ."

"ಹಾಗಾದ್ರೆ ಕುಯ್ಯಲಿ."

ಒಪ್ಪಿದ್ದಾರೆ ಎಂದೆ.

ಮಧ್ಯಾಹ್ನ

ಟೆಸ್ಟ್ ನೆಗೆಟಿವ್. ಈಗ ಬಂತು. ಪಾರ್ವತಿಯನ್ನು ಒಳಗೆ ಬಿಟ್ಟಿದ್ದಾರೆ. ಆಪರೇಷನ್ ಥಿಯೇಟರ್‌ನಿಂದ ಇನ್ನೂ ಹೊರಗೆ ತಂದಿಲ್ಲ ಎಂದು ಮೆಸೇಜ್ — ಬೇರೆ ಒಂದು ಮಾತೂ ಇಲ್ಲ.

ಮಾವ ಕಣ್ಣು ಬಿಟ್ಟರೆ ಎದುರಿಗೆ ಅವಳೇ. ಅವಳ ಮುಖ ನೋಡಿದರೆ ಗೊತ್ತಾಗಿಬಿಡುತ್ತದೆ, ಅಳಿಯ ಸುಳ್ಳು ಹೇಳಿದ ಎಂದು. ಗೊತ್ತಾಗಲಿ. ಮೈದಾನದ ದನಿಯಲ್ಲಿ ಬೈಯಲಿ. ನನ್ನೊಡನೆ ಮಾತೇ ಬಿಡಲಿ. ಕಣ್ಣು ಬಿಟ್ಟರೆ ಸಾಕು.