ಮ್ಯಾಟಿನ ಕೆಳಗಿದ್ದ ಪ್ಲೈವುಡ್

ಮಾರ್ಚ್ ೧೪, ಗುರುವಾರ.

ಬೆರಳ ಗೆಣ್ಣುಗಳು ಊದಿಕೊಂಡು ಪೆನ್ನು ನೆಟ್ಟಗೆ ಹಿಡಿಯಲಾಗುತ್ತಿಲ್ಲ.

ಮೊನ್ನೆ ಕೊಂಡ ಹಳೇ ಕಾರಿನ ತಳ ಬೆಳಿಗ್ಗೆ ಓಡುತ್ತಿರುವಾಗಲೇ ಕುಸಿಯಿತು. ಮಗಳ ಕಾಲು ರಸ್ತೆಗೆ ಉಜ್ಜಿ ಹಿಮ್ಮಡಿ ಕಿತ್ತುಹೋಯಿತು. ಮೆಕ್ಯಾನಿಕ್ ಮ್ಯಾಟ್ ಎತ್ತಿ ತೋರಿಸಿದ: ತುಕ್ಕು ತಿಂದ ತಗಡಿನ ಮೇಲೆ ಪ್ಲೈವುಡ್ ಅಂಟಿಸಿ ಬಣ್ಣ ಬಳಿದಿದ್ದರು.

ಕಾರು ಮಾರಿದ ಡ್ರಾಯಿಂಗ್ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ.

"ಹಳೇ ಗಾಡಿ ಅಲ್ವೇನಪ್ಪಾ, ನೋಡ್ಕೊಂಡು ತಗೋಬೇಕಿತ್ತು" ಎಂದರು.

ಮುಖಕ್ಕೇ ಗುದ್ದಿದೆ. ಹಲ್ಲು ಮುರಿದ ಸದ್ದಿಗೆ ಖುಷಿಯಾಯಿತು, ಸುಳ್ಳೇಕೆ ಬರೆಯಲಿ? ಮತ್ತೆ ಗುದ್ದಿದಾಗ ಏಟು ಅಡ್ಡ ಬಂದ ಅವರ ಹೆಂಡತಿಯ ಕೆನ್ನೆಗೆ ಬಿತ್ತು.

ಆಕೆ ಗೋಡೆ ಹಿಡಿದು ಕುಸಿದರು. ಬಾಯಿಂದ ರಕ್ತ ಸುರಿಯುತ್ತಿತ್ತು. "ಮಾರೋದು ಬೇಡ ಅಂತ ಬಡ್ಕೊಂಡೆ ಕಣಪ್ಪಾ. ಮಗು ಕಾಲು ಉಳೀತಾ?" ಎಂದರು.

ಅಲ್ಲಿಂದ ಓಡಿ ಬಂದೆ. ಮಗಳ ಕಾಲು ಉಳಿಯುತ್ತದೆ. ಮೇಷ್ಟ್ರಿಗೆ ಹೊಡೆದದ್ದಕ್ಕೆ ಈಗಲೂ ಬೇಸರವಿಲ್ಲ. ಆದರೆ ಆಕೆಯ ಆ ಕೆನ್ನೆ...