ಕೆಂಪಸಿದ್ದಯ್ಯನವರನ್ನು ಹೆರಿಗೆ ಆಸ್ಪತ್ರೆಗೆ ಕಳುಹಿಸಿದ ಪಿಂಚಣಿ ಅಧಿಕಾರಿಗಳಿಗೆ

ಮಾನ್ಯ ಪಿಂಚಣಿ ಅಧಿಕಾರಿಗಳೇ,

ನಮ್ಮ ಸಂಘದ ನಿವೃತ್ತ ಕಾರ್ಮಿಕರಿಗೆ ತಾವು ದಯಪಾಲಿಸಿರುವ ಆರೋಗ್ಯ ಕಾರ್ಡಿನ ಹಿಂಬದಿಯಲ್ಲಿ ಒಂದೇ ಒಂದು ಆಸ್ಪತ್ರೆಯ ಹೆಸರಿದೆ. ಅದು ಹೆರಿಗೆ ಆಸ್ಪತ್ರೆ. ಸಂಘದ ಇನ್ನೂರ ಹದಿನಾಲ್ಕು ಮಂದಿ ಸದಸ್ಯರಲ್ಲಿ ಅತ್ಯಂತ ಕಿರಿಯಳಿಗೆ ಈಗ ಅರವತ್ತೊಂದು ವರ್ಷ. ನಮ್ಮಿಂದ ತಾವು ಏನನ್ನು ನಿರೀಕ್ಷಿಸುತ್ತಿದ್ದೀರಿ ಎಂದು ದಯವಿಟ್ಟು ತಿಳಿಸಿದರೆ ಕೈಲಾದಷ್ಟು ಪ್ರಯತ್ನಿಸುತ್ತೇವೆ.

ನಾನು ಮಹದೇವಮ್ಮ, ಮದ್ದೂರಿನವಳು. ಗೆಜ್ಜಲಗೆರೆ ಬಳಿಯಿದ್ದ ನೂಲಿನ ಗಿರಣಿಯೊಂದರ ಹಾಜರಿ ವಿಭಾಗದಲ್ಲಿ ಇಪ್ಪತ್ತೇಳು ವರ್ಷ ಗುಮಾಸ್ತಳಾಗಿದ್ದೆ. ಐದು ನಿಮಿಷ ತಡವಾಗಿ ಬಂದವರ ಹೆಸರಿನ ಮುಂದೆ ಕೆಂಪು ಗೀಟು ಹಾಕುವುದು ನನ್ನ ಕೆಲಸ. ಪಿಂಚಣಿ ಹೆಚ್ಚಿಸಿ, ಔಷಧೋಪಚಾರಕ್ಕೆ ಒಂದು ದಾರಿ ಮಾಡಿ ಎಂದು ನಾವು ಅರ್ಜಿ ಕೊಟ್ಟು ಆರು ವರ್ಷವಾಯಿತು. ತಮ್ಮ ಉತ್ತರದ ಮುಂದೆ ಗೀಟು ಹಾಕಲು ನನ್ನ ಬಳಿ ಅಷ್ಟೊಂದು ಕೆಂಪು ಶಾಯಿ ಇಲ್ಲ. ಆ ಅರ್ಜಿಗೆ ಸಿಕ್ಕ ಏಕೈಕ ಫಲ ಈ ಕಾರ್ಡು. ಹೊಳೆಯುವ ಪ್ಲಾಸ್ಟಿಕ್ಕು, ಮೂಲೆಯಲ್ಲಿ ನಗುತ್ತಿರುವ ವೃದ್ಧ ದಂಪತಿಗಳ ಚಿತ್ರ. ಆಸ್ಪತ್ರೆಯ ಹೆಸರೆಂದು ದೇವರ ಹೆಸರೊಂದನ್ನು ಅಚ್ಚು ಹಾಕಿಸಿದ್ದಿರಿ. ಅಲ್ಲಿ ಏನು ನಡೆಯುತ್ತದೆ ಎಂದು ಬರೆದಿರಲಿಲ್ಲ. ಅದನ್ನು ಕಂಡುಹಿಡಿಯುವ ಭಾಗ್ಯ ನಮ್ಮ ಅಧ್ಯಕ್ಷರಾದ ಕೆಂಪಸಿದ್ದಯ್ಯನವರಿಗೆ ಒದಗಿತು.

ಕೆಂಪಸಿದ್ದಯ್ಯ ಮಳವಳ್ಳಿಯವರು. ವಯಸ್ಸು ಎಪ್ಪತ್ತೆರಡು. ಮೂವತ್ತಮೂರು ವರ್ಷ ಗಿರಣಿಯ ಬಾಯ್ಲರ್ ಎದುರು ಬೆಂದವರು. ಅದಕ್ಕೆ ತಾವು ಕೊಡುತ್ತಿರುವ ಪಿಂಚಣಿ ತಿಂಗಳಿಗೆ ಎರಡು ಸಾವಿರದ ನೂರ ನಲವತ್ತು ರೂಪಾಯಿ. ಕಳೆದ ನವೆಂಬರಿನ ಎರಡನೇ ಸೋಮವಾರ ಮಂಡ್ಯದ ತಮ್ಮ ಕಚೇರಿಯಲ್ಲಿ ಕುಂದುಕೊರತೆ ಸಭೆಯಿದೆ, ಹತ್ತೂವರೆಗೆ ಹಾಜರಿರಬೇಕು, ತಡವಾದರೆ ಅಹವಾಲು ಕೇಳಲಾಗುವುದಿಲ್ಲ ಎಂದು ತಾವೇ ನಮಗೆ ಪತ್ರ ಬರೆದಿರಿ. ಅವರು ಬೆಳಿಗ್ಗೆ ಏಳರ ಬಸ್ಸು ಹಿಡಿದು ಮದ್ದೂರಿಗೆ ಬಂದರು. ಅಲ್ಲಿಂದ ಇಬ್ಬರೂ ಮಂಡ್ಯಕ್ಕೆ ಬಂದೆವು. ಹತ್ತು ಗಂಟೆಗೆಲ್ಲ ತಮ್ಮ ಕಚೇರಿಯ ಬೆಂಚಿನ ಮೇಲಿದ್ದೆವು.

ಹನ್ನೆರಡಾದರೂ ಯಾರೂ ಕರೆಯಲಿಲ್ಲ. ವಿಚಾರಿಸಿದಾಗ ತಮ್ಮ ಗುಮಾಸ್ತರು ಕಡತದಿಂದ ತಲೆಯೆತ್ತದೆ ಹೇಳಿದರು: "ಸಾಹೇಬ್ರು ಬೆಂಗ್ಳೂರ್ಗೆ ಓಗವ್ರೆ ಕಣಮ್ಮ. ಕುಂದುಕೊರತೆ ಬಿರ್ರನೆ ಬಗೆಹರ್ಸೋದು ಎಂಗೆ ಅಂತ ಟ್ರೈನಿಂಗು."

ತರಬೇತಿ ಚೆನ್ನಾಗಿ ಆಯಿತೆಂದು ಭಾವಿಸುತ್ತೇನೆ.

ನಾನು ಬೆಂಚಿಗೆ ಮರಳುವಷ್ಟರಲ್ಲಿ ಕೆಂಪಸಿದ್ದಯ್ಯನವರ ಅಂಗಿ ಬೆವರಿನಿಂದ ತೊಯ್ದುಹೋಗಿತ್ತು. "ಮಾದೇವಮ್ಮ, ಎದೆ ಮೇಲೆ ಮೂಟೆ ಮಡಗ್ದಂಗದೆ ಕಣವ್ವ. ಎಡಗೈ ಎಳೀತದೆ" ಎಂದರು. ನಾನು ಕೂಗಿಕೊಂಡೆ. ಗುಮಾಸ್ತರು ಓಡಿ ಬಂದು, ಕೆಂಪಸಿದ್ದಯ್ಯನವರ ಜೇಬಿನ ಕಾರ್ಡು ತೆಗೆದು ನೋಡಿ, "ಇಲ್ಲಿಗೇ ಓಗ್ಬೇಕು ಕಣಮ್ಮ. ಬ್ಯಾರೆ ಕಡೆ ಓದ್ರೆ ದುಡ್ಡು ಬರಾಕಿಲ್ಲ" ಎಂದು ಆಟೋ ಕೂಗಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಕಾರ್ಡನ್ನು ನಂಬಿದ್ದು ಅವರ ತಪ್ಪು, ನನ್ನದೂ ಅದೇ ತಪ್ಪು.

ಆಸ್ಪತ್ರೆಯೊಳಗೆ ಎಲ್ಲಿ ನೋಡಿದರೂ ತುಂಬು ಬಸುರಿಯರು. ಚೀಟಿ ಬರೆಯುವ ಹುಡುಗಿ ಕೇಳಿದಳು: "ಮಗ್ಳಾ, ಸೊಸೇನಾ? ಎಲ್ಲವ್ರೆ?"

"ಇವರೇ ಪೇಶೆಂಟು" ಎಂದೆ.

ಅವಳು ಕೆಂಪಸಿದ್ದಯ್ಯನವರ ಬಿಳಿ ಮೀಸೆಯನ್ನೇ ನೋಡುತ್ತ ನಿಂತಳು. ಅಷ್ಟರಲ್ಲಿ ಎಂಟು ತಿಂಗಳೋ ಒಂಬತ್ತು ತಿಂಗಳೋ ಆಗಿದ್ದ ಒಬ್ಬಾಕೆ ಕಷ್ಟಪಟ್ಟು ಎದ್ದು, "ಕೂತ್ಕಳಿ ತಾತ" ಎಂದು ತನ್ನ ಕುರ್ಚಿ ಬಿಟ್ಟುಕೊಟ್ಟಳು. ಆ ದಿನ ಮಂಡ್ಯದಲ್ಲಿ ನಮ್ಮ ಅಧ್ಯಕ್ಷರಿಗೆ ದೊರೆತ ಮೊದಲ ಸೌಲಭ್ಯ ಅದು. ಕೊಟ್ಟವಳು ತಮ್ಮ ಇಲಾಖೆಯವಳಲ್ಲ.

ಒಳಗಿನಿಂದ ಬಂದ ಡಾಕ್ಟರ್ ಶಾಲಿನಿ, "ಅಮ್ಮಾ, ಇದು ಹೆರಿಗೆ ಆಸ್ಪತ್ರೆ. ಇಲ್ಲಿಗ್ಯಾಕೆ ಕರ್ಕೊಂಡ್ ಬಂದ್ರಿ?" ಎಂದು ಗದರಿದರು. ಕಾರ್ಡು ತೋರಿಸಿದೆ. ಎರಡು ಸಲ ಓದಿದರು. ಆಮೇಲೆ ಹೆರಿಗೆ ಕೋಣೆಯ ಮಂಚದ ಮೇಲೆಯೇ ಮಲಗಿಸಿ ಇಸಿಜಿ ತೆಗೆಸಿದರು, ಒಂದು ಮಾತ್ರೆ ಅಗಿಯಲು ಕೊಟ್ಟರು, ಮೈಸೂರಿನ ಹೃದ್ರೋಗ ಆಸ್ಪತ್ರೆಗೆ ಫೋನು ಮಾಡಿದರು. ಆಂಬುಲೆನ್ಸ್ ಬಂದಾಗ, ವಾರ್ಡನ್ನು ಇನ್ನೊಬ್ಬ ಡಾಕ್ಟರಿಗೆ ಒಪ್ಪಿಸಿ ತಾವೂ ಹತ್ತಿ ಕುಳಿತರು.

ದಾರಿಯಲ್ಲಿ ಕೆಂಪಸಿದ್ದಯ್ಯ ಕಣ್ಣು ತೆರೆದು, "ಅವ್ವಾ, ಅಲ್ಲಿ ಬಸ್ರೀರು ಕಾಯ್ತಾವ್ರಲ್ಲವ್ವ. ನೀನು ಓಗವ್ವ" ಎಂದರು.

"ಅವರಿಗೆ ಇನ್ನೂ ಟೈಮಿದೆ. ನೀವು ಮಾತಾಡ್ಬೇಡಿ" ಎಂದರು ಡಾಕ್ಟರು. ಮೈಸೂರು ಮುಟ್ಟುವವರೆಗೂ ಅವರ ನಾಡಿಯ ಮೇಲಿಟ್ಟ ಬೆರಳು ತೆಗೆಯಲಿಲ್ಲ. ಸಂಜೆಗೆ ಸ್ಟೆಂಟು ಹಾಕಿದರು. ಜೀವ ಉಳಿಯಿತು.

ಚಿಕಿತ್ಸೆಯ ವೆಚ್ಚ ಕೋರಿ ನಾವು ಕಾಗದಪತ್ರ ಕೊಟ್ಟೆವು. ಈ ಸಲ ತಾವು ಚುರುಕಾಗಿದ್ದಿರಿ, ಎರಡೇ ತಿಂಗಳಿಗೆ ಉತ್ತರ ಬಂತು. ಬೆಂಗಳೂರಿನ ತರಬೇತಿ ವ್ಯರ್ಥವಾಗಿಲ್ಲ. ತಮ್ಮ ಪತ್ರದಲ್ಲಿ ಎರಡು ಕಾರಣಗಳಿದ್ದವು: ಮಂಡ್ಯದ ಆಸ್ಪತ್ರೆಯಲ್ಲಿ ಲಭ್ಯವಿರುವ ಚಿಕಿತ್ಸೆಗಳಿಗೆ ಪುರುಷ ಸದಸ್ಯರು ಅರ್ಹರಲ್ಲ, ಮೈಸೂರಿನ ಆಸ್ಪತ್ರೆ ಪಟ್ಟಿಯಲ್ಲಿಲ್ಲ. ಮಾನ್ಯರೇ, ಪಟ್ಟಿಯಲ್ಲಿರುವಲ್ಲಿಗೆ ಹೋದರೆ ಗಂಡಸಾಗಿದ್ದು ತಪ್ಪು, ಇಲ್ಲದಲ್ಲಿಗೆ ಹೋದರೆ ಬದುಕಿದ್ದು ತಪ್ಪು. ಹಾಗಾದರೆ ನಿಯಮಬದ್ಧವಾಗಿ ಅವರು ಏನು ಮಾಡಬೇಕಿತ್ತು? ತಮ್ಮ ಕಚೇರಿಯ ಬೆಂಚಿನ ಮೇಲೆಯೇ, ಕಚೇರಿ ವೇಳೆಯೊಳಗೆ, ಗಲಾಟೆ ಮಾಡದೆ ಸಾಯಬೇಕಿತ್ತೇ? ಹಾಗಾಗಿದ್ದರೆ ಅವರ ಹೆಂಡತಿಗೆ ಅರ್ಧ ಪಿಂಚಣಿ ಕೊಟ್ಟು ಇಲಾಖೆ ಉಳಿದರ್ಧವನ್ನು ಉಳಿಸಬಹುದಿತ್ತು. ತಮ್ಮ ಯೋಜನೆಗೆ ಅಡ್ಡ ಬಂದ ಡಾಕ್ಟರ್ ಶಾಲಿನಿಯವರ ಮೇಲೆ ಏನಾದರೂ ಕ್ರಮವುಂಟೋ ಹೇಗೆ?

ಹೋದ ವಾರ ಮಳವಳ್ಳಿಗೆ ಹೋಗಿ ಬಂದೆ. ಕೆಂಪಸಿದ್ದಯ್ಯ ಜಗಲಿಯ ಮೇಲೆ ಕೂತು ಹಳೇ ಬ್ಲೇಡಿನಲ್ಲಿ ಮಾತ್ರೆ ಅರ್ಧ ಮಾಡುತ್ತಿದ್ದರು. ಅವರ ಹೆಂಡತಿ ಮಾಯಮ್ಮ ನನ್ನನ್ನು ಒಳಗೆ ಕರೆದು ಹೇಳಿದರು: "ಇಡೀ ಮಾತ್ರೆ ನುಂಗಾಕಿಲ್ಲ ಕಣಕ್ಕ. ಅರ್ಧ ಅರ್ಧ ಮಾಡ್ತಾರೆ. ಒಂದೊಂದಿನ ಅದ್ನೂ ಬುಟ್ಬುಡ್ತಾರೆ. ಕೇಳುದ್ರೆ, ಈಗ ಎದೆ ನೋವಿಲ್ಲ ಬುಡು ಅಂತಾರೆ. ನೀನಾದ್ರೂ ಯೋಳಕ್ಕ."

ಮಾನ್ಯರೇ, ಇಷ್ಟುದ್ದ ವ್ಯಂಗ್ಯವಾಡುತ್ತಿರುವ ನನಗೆ ಅಲ್ಲಿ ಬಾಯಿ ಕಟ್ಟಿಹೋಯಿತು. ಏನೆಂದು ಹೇಳಲಿ? ಪೂರ್ತಿ ಮಾತ್ರೆ ನುಂಗಿ, ಆಮೇಲೆ ಹೊಟ್ಟೆಗೆ ತಿನ್ನಬೇಡಿ ಎಂದೇ? ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಭಾನುವಾರ ಮದ್ದೂರಿನಲ್ಲಿ ಸಂಘದ ಸಭೆ ಸೇರಿತು. ಇನ್ನು ಅರ್ಜಿ ಕೊಡುವುದು ಬೇಡ, ಬರುವ ತಿಂಗಳ ಎರಡನೇ ಸೋಮವಾರ ಎಲ್ಲರೂ ಒಟ್ಟಿಗೆ ತಮ್ಮ ಕಚೇರಿಗೆ ಬರುವುದು ಎಂದು ತೀರ್ಮಾನವಾಯಿತು. ಅಧ್ಯಕ್ಷರು ಮನೆಯಲ್ಲೇ ಇರಲಿ, ಆಯಾಸ ಬೇಡ ಎಂದು ನಾನೇ ಸೂಚಿಸಿದೆ. ಕೆಂಪಸಿದ್ದಯ್ಯ ಎದ್ದು ನಿಂತರು. "ಓದ್ಸಲ ಯೋಳಾಕೆ ಅಂತ ಓಗಿ ಯೋಳ್ದೇ ಬಂದೆ ಕಣವ್ವ. ಈ ಸಲ ಯೋಳೇ ಬತ್ತೀನಿ" ಎಂದರು.

ಅವರು ಹೇಳಲಿರುವುದು ಇಷ್ಟೇ. ಮಂಡ್ಯ, ಮದ್ದೂರು, ಮಳವಳ್ಳಿ ಮೂರೂ ಕಡೆ ಮುದುಕರ ಕಾಯಿಲೆಗೆ ಮದ್ದು ಕೊಡುವ ಆಸ್ಪತ್ರೆಗಳನ್ನು ಪಟ್ಟಿಗೆ ಸೇರಿಸಿ. ತಿಂಗಳ ಅಕ್ಕಿಗೂ ತಿಂಗಳ ಮಾತ್ರೆಗೂ ಒಟ್ಟಿಗೆ ಸಾಲುವಷ್ಟು ಪಿಂಚಣಿ ಕೊಡಿ. ತಿರಸ್ಕರಿಸಿದ ಆ ವೆಚ್ಚವನ್ನು ಮಂಜೂರು ಮಾಡಿ.

ಇನ್ನೊಂದು ವಿಷಯ. ತಮ್ಮ ಕೊಠಡಿ ಮೂರನೇ ಮಹಡಿಯಲ್ಲಿದೆ, ಲಿಫ್ಟು ಇಲ್ಲ. ಕೆಂಪಸಿದ್ದಯ್ಯನವರು ಮೆಟ್ಟಿಲು ಹತ್ತಬಾರದೆಂದು ವೈದ್ಯರು ಹೇಳಿದ್ದಾರೆ. ಆದ್ದರಿಂದ ಆ ದಿನ ತಾವೇ ಕೆಳಗಿಳಿದು ಬರಬೇಕು.

ಇಂತಿ,
ಇಲಾಖೆಗೆ ತೊಂದರೆಯಾಗುವಷ್ಟು ದಿನ ಬದುಕಿಬಿಟ್ಟವಳು,
ಮಹದೇವಮ್ಮ
ಕಾರ್ಯದರ್ಶಿ, ಗಿರಣಿ ನಿವೃತ್ತರ ಸಂಘ, ಮದ್ದೂರು