ಚೂಪು ತೆಗೆದ ಅಚ್ಚು

ಪ್ರೀತಿಯ ಏಕಾಂತಪ್ಪ ಮಾವ,

ಫೋನ್ ಎತ್ತುತ್ತಿಲ್ಲ ನೀವು. ನಾನು ಆಡಿದ ಮಾತಿಗೆ ಎತ್ತಲೂಬಾರದು. ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ಮಾಚೇನಹಳ್ಳಿಯ ನಿಮ್ಮ ವರ್ಕ್‌ಶಾಪಿಗೆ ಮೊದಲು ಬಂದಾಗ, ರಕ್ತಕಣಗಳನ್ನು ಗಾತ್ರ ನೋಡಿ ಬೇರ್ಪಡಿಸುವ ಚಿಪ್ ಮಾಡಬೇಕು, ಹಿತ್ತಾಳೆಯ ಅಚ್ಚು ಬೇಕು ಎಂದಿದ್ದೆ. ಅಚ್ಚಿನ ಮೇಲೆ ದ್ರವ ರಬ್ಬರ್ ಎರೆದು, ಗಟ್ಟಿಯಾದ ಮೇಲೆ ಕಿತ್ತರೆ ಕೂದಲೆಳೆಯಷ್ಟು ಆಳದ ಸುರುಳಿ ಕಾಲುವೆ ಮೂಡುತ್ತದೆ. ರಕ್ತ ರಭಸದಿಂದ ಸುತ್ತುವಾಗ ದೊಡ್ಡ ಬಿಳಿ ಕಣಗಳು ಒಳಬದಿಗೆ ಸರಿದು ಒಂದು ಕವಲಿಗೆ, ಸಣ್ಣ ಕೆಂಪು ಕಣಗಳು ಇನ್ನೊಂದಕ್ಕೆ. "ಅಡಿಕೆ ಆರಿಸೋ ಜರಡಿ ಗೊತ್ತು. ರಕ್ತಕ್ಕೂ ಜರಡಿ ಇದ್ಯೇನೇ ಮಾರಾಯ್ತಿ?" ಎಂದು ನಕ್ಕಿದ್ದಿರಿ.

ನನ್ನ ನಕ್ಷೆಯಲ್ಲಿ ಅಂಚುಗಳೆಲ್ಲ ಚೂಪು. ನೀವು ನಮ್ಮ ಕಾಲೇಜಿನ ಲ್ಯಾಬಿಗೆ ತಂದ ಅಚ್ಚಿನಲ್ಲಿ ಒಂದೂ ಚೂಪಿರಲಿಲ್ಲ. "ಕಣ್ಣು ಕಾಣದಿದ್ರೆ ಯಾಕೆ ಒಪ್ಕೊಂಡ್ರಿ?" ಎಂದುಬಿಟ್ಟೆ, ನನ್ನ ವಿದ್ಯಾರ್ಥಿಗಳ ಎದುರೇ. "ಅಂಚು ಚೂಪಾಗೇ ಬಿಟ್ಟು ಕೆಲಸ ಕೊಟ್ಟು ಅಭ್ಯಾಸ ಇಲ್ಲಮ್ಮ, ಇಸ್ಕೊಂಡೋರ ಕೈ ಕೊಯ್ಯತ್ತೆ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದಿರಿ. ಅಪ್ಪನ ಜೊತೆ ಭದ್ರಾವತಿಯ ಟೂಲ್ ರೂಮಿನಲ್ಲಿ ಮೂವತ್ತು ವರ್ಷ ದುಡಿದವರ ಕಸುಬಿನ ಮರ್ಯಾದೆ ಅದು. ಅಪ್ಪನ ಮಗಳಾಗಿ ನನಗೆ ತಿಳಿಯಬೇಕಿತ್ತು.

ಬೇರೆಯವರಿಂದ ಚೂಪಾಗಿಯೇ ಮಾಡಿಸಿದೆ. ಹತ್ತೇ ನಿಮಿಷಕ್ಕೆ ಕಾಲುವೆ ಕಟ್ಟಿಕೊಳ್ಳುತ್ತಿತ್ತು. ಪಂಪನ್ನು ಬೈದೆ, ಕರೆಂಟನ್ನು ಬೈದೆ. ಕುಣಿಯಲು ಬಾರದವಳು ನೆಲ ಡೊಂಕು ಅಂದಳಂತೆ. ಎರಡು ತಿಂಗಳು ಹೀಗೇ ಕಳೆಯಿತು. ಮೊನ್ನೆ ಬುಧವಾರ ಬೇರೆ ಗತಿಯಿಲ್ಲದೆ ನಿಮ್ಮ ಅಚ್ಚಿಗೇ ರಬ್ಬರ್ ಎರೆದೆ. ನನ್ನದೇ ರಕ್ತವನ್ನು ಉಪ್ಪುನೀರಿನಲ್ಲಿ ತೆಳುಮಾಡಿ ಬಿಟ್ಟೆ. ಮಧ್ಯಾಹ್ನವಿಡೀ ಹರಿಯಿತು ಮಾವ! ಒಂದು ಕೊಳವೆ ಕೆಂಪಗೆ, ಇನ್ನೊಂದು ಹೆಚ್ಚುಕಡಿಮೆ ತಿಳಿ. ಚೂಪು ಮೂಲೆಗಳೇ ಇಲ್ಲವಲ್ಲ, ಕಣಗಳು ಸಿಕ್ಕಿಕೊಂಡು ಗಂಟು ಕಟ್ಟಲು ಜಾಗವಿರಲಿಲ್ಲ. ನಗುತ್ತಲೇ ಅತ್ತುಬಿಟ್ಟೆ.

ಖುಷಿಯಿಂದ ನ್ಯೂ ಟೌನಿನ ನಿಮ್ಮ ಮನೆಗೆ ಓಡಿ ಬಂದರೆ ನೀವಿರಲಿಲ್ಲ. ಪುಷ್ಪಾ ಅತ್ತೆ ಹೇಳಿದರು, "ಮಿಷನ್ ಮಾರ್ತಾರಂತೆ ಇವರು, ಸೋಮವಾರ ಕೊಳ್ಳೋರು ಬಂದು ತಗೊಂಡು ಹೋಗ್ತಾರೆ. ಕಣ್ಣು ಕಾಣದೋನಿಗೆ ಯಾಕದು ಅಂತಾರೆ." ನನ್ನ ಮಾತೇ ಅದು.

ಕೊಡಬೇಡಿ ಮಾವ. ತಪ್ಪು ನನ್ನ ನಕ್ಷೆಯದು, ನಿಮ್ಮ ಕಣ್ಣಿನದಲ್ಲ. ವಿದ್ಯಾರ್ಥಿಗಳ ಎದುರೇ ಇದನ್ನು ಹೇಳಿದ್ದೇನೆ. ನಕ್ಷೆ ತಿದ್ದಿದ್ದೇನೆ, ಇನ್ನೊಂದು ಅಚ್ಚು ನಿಮ್ಮ ಕೈಯಿಂದಲೇ ಆಗಬೇಕು. ಸೋಮವಾರ ಅವರಿಗಿಂತ ಮೊದಲು ನಾನೇ ನಿಮ್ಮ ವರ್ಕ್‌ಶಾಪಿನ ಬಾಗಿಲಲ್ಲಿರುತ್ತೇನೆ.

ಆ ಚಿಪ್ ಇದರ ಜೊತೆಗಿದೆ. ಕೆಳಗೆ ಅಂಟಿಸಿದ ಗಾಜಿನ ನಾಲ್ಕೂ ಅಂಚನ್ನು ಉಜ್ಜುಕಾಗದದಿಂದ ನಾನೇ ಉಜ್ಜಿದ್ದೇನೆ. ಧೈರ್ಯವಾಗಿ ಹಿಡಿದುಕೊಳ್ಳಿ, ಕೈ ಕೊಯ್ಯುವುದಿಲ್ಲ.

ಆ ಕೈಗಳು ನೂರು ಕಾಲ ಚೆನ್ನಾಗಿರಲಿ ಎಂದು ಬೇಡುವ,
ನಿಮ್ಮ ದಿವ್ಯಶ್ರೀ
ರವೀಂದ್ರನಗರ, ಶಿವಮೊಗ್ಗ